ಒಂದು ತಾಸಿನ ದಾರಿ, ಒಂದು ಸೆಕೆಂಡು

ಕಡೆಗೋಲು ಒಂದೇ ದಿಕ್ಕಿಗೆ ಸುತ್ತುವುದಿಲ್ಲ. ಹಗ್ಗದ ಈ ತುದಿ ಎಳೆದರೆ ಬಲಕ್ಕೆ, ಆ ತುದಿ ಎಳೆದರೆ ಎಡಕ್ಕೆ. ಮೊಸರಿಗೆ ಬೇಕಾದದ್ದೂ ಆ ಗಲಿಬಿಲಿಯೇ. ಕೊಬ್ಬಿನ ಹನಿಗಳು ಪರಸ್ಪರ ಬಡಿದು, ಮೇಲಿನ ತೆಳು ಪೊರೆ ಹರಿದು, ಅಂಟಿಕೊಂಡು ಬೆಣ್ಣೆಯಾಗಿ ತೇಲುತ್ತವೆ.

ಡೇರಿಯ ಕ್ರೀಮ್ ಸೆಪರೇಟರನ್ನು ಕರೆಂಟಿನ ಕಡೆಗೋಲು ಎಂದುಕೊಂಡರೆ ತಪ್ಪಾದೀತು. ಅಲ್ಲಿ ಹಾಲು ಕದಡಲೇಬಾರದು. ಬಟ್ಟಲು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸುತ್ತಬೇಕು.

ಹಸಿ ಹಾಲನ್ನು ಅಲುಗಾಡಿಸದೆ ಇಟ್ಟರೆ ಕೆನೆ ತಾನಾಗಿ ಮೇಲೇರುತ್ತದೆ. ಕೊಬ್ಬು ಹಗುರ, ಉಳಿದ ಹಾಲು ಭಾರ. ಆದರೆ 3 ಮೈಕ್ರಾನ್ ಅಗಲದ ಒಂಟಿ ಹನಿ ತಾಸಿಗೆ ಏರುವುದು ಸುಮಾರು 1 ಮಿಲಿಮೀಟರ್ ಅಷ್ಟೇ. ಅದೇ ಹಾಲು ನಿಮಿಷಕ್ಕೆ 6000 ಸುತ್ತು ತಿರುಗುವ ಬಟ್ಟಲಿನಲ್ಲಿ, ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿದ್ದರೆ, ಭೂಮಿಯ ಸೆಳೆತಕ್ಕಿಂತ ಸುಮಾರು 4000 ಪಟ್ಟು ಬಲ ಅದರ ಮೇಲೆ ಬೀಳುತ್ತದೆ. ತಾಸಿನ ದಾರಿ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ! ಎಷ್ಟು ಸಲ ಲೆಕ್ಕ ಹಾಕಿದರೂ ನನಗೆ ಇದು ಬೆರಗೇ. ಕೆನೆ ಹೊರಕ್ಕೆ ಚಿಮ್ಮುತ್ತದೆಂದು ತೋರಬಹುದು. ಹೊರಗೋಡೆಗೆ ಒತ್ತಿಕೊಳ್ಳುವುದು ಭಾರದ ಹಾಲು, ಕೆನೆ ಸರಿಯುವುದು ನಡುವಿಗೆ.

ಮೊದಲ ಯಂತ್ರಗಳಲ್ಲಿ ಬಟ್ಟಲು ನಿಲ್ಲಿಸಿಯೇ ಕೆನೆ ತೆಗೆಯಬೇಕಿತ್ತು. 1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್, ಸುತ್ತು ನಿಲ್ಲದೆಯೇ ಹಾಲು ಒಳಗೆ ಸುರಿದು ಕೆನೆ ಒಂದು ದಾರಿಯಲ್ಲಿ, ಹಾಲು ಇನ್ನೊಂದರಲ್ಲಿ ಹೊರಬರುವಂತೆ ಮಾಡಿದ. ಮುಂದಿನ ದಶಕದ ಕೊನೆಗೆ ಬಟ್ಟಲಿನೊಳಗೆ ಒಂದರ ಮೇಲೊಂದು ಶಂಕುವಿನಾಕಾರದ ತೆಳು ತಟ್ಟೆಗಳು ಬಂದವು. ನನಗೆ ಜಾಣತನ ಕಾಣುವುದು ಇಲ್ಲಿಯೇ: ವೇಗ ಹೆಚ್ಚಿಸುವ ಬದಲು ಹನಿ ಸಾಗಬೇಕಾದ ದೂರವನ್ನೇ ಕಿರಿದು ಮಾಡಿದರು. ತಟ್ಟೆಗಳ ನಡುವಿನ ಸಂದಿಯಲ್ಲಿ ಹನಿಗೆ ಕೂದಲೆಳೆಯಷ್ಟೇ ಪಯಣ. ಹಾಲನ್ನು ಮೊದಲು ಬೆಚ್ಚಗೆ ಮಾಡಿಕೊಂಡರೆ ಅದು ತೆಳುವಾಗಿ ಕೆಲಸ ಇನ್ನೂ ಸಲೀಸು.

ಹನಿಯ ಗಾತ್ರವೂ ಮುಖ್ಯ. ಅಗಲ ಅರ್ಧವಾದರೆ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ಹೋಮೊಜಿನೈಸ್ ಮಾಡಿದ ಪ್ಯಾಕೆಟ್ ಹಾಲನ್ನು ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಟ್ಟರೂ ಕೆನೆ ಕಟ್ಟದಿರುವುದು ಇದರಿಂದಲೇ. ಡೇರಿಯಲ್ಲಿ ಅದರ ಹನಿಗಳನ್ನು ಒಡೆದು ನುಣ್ಣಗೆ ಮಾಡಿರುತ್ತಾರೆ. ಸೆಪರೇಟರಿಗೂ ತೀರ ಸಣ್ಣ ಹನಿಗಳು ಸಿಗುವುದಿಲ್ಲ. ಕೆನೆ ತೆಗೆದ ಹಾಲಿನಲ್ಲಿ ಅವು ಉಳಿದೇ ಇರುತ್ತವೆ.