ನಿಮಗಿದು ಗೊತ್ತೆ? ಮನೆಯ ಗಾಳಿಯಂತ್ರಕ್ಕೆ ನಿಮ್ಮೂರ ಗಾಳಿ ಸಾಕೆ?

ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ! ಹಾಗಾಗಿ ಸೆಕೆಂಡಿಗೆ 3 ಮೀಟರ್ ಗಾಳಿಗೆ ರೆಕ್ಕೆ ತಿರುಗಿತೆಂದು ಹಿಗ್ಗಬೇಡಿ. 6 ಮೀಟರ್ ಗಾಳಿಯ ಶಕ್ತಿಯಲ್ಲಿ ಎಂಟನೇ ಒಂದು ಪಾಲಷ್ಟೇ ಅದರಲ್ಲಿರುವುದು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿರುವುದು ಸುಮ್ಮನೆ ಅಲ್ಲ. ಆದರೆ ಅದೇ ಜಿಲ್ಲೆಯಲ್ಲಿದ್ದರೂ ತೆಂಗಿನ ತೋಟದ ನಡುವಿನ ಮನೆಗೆ ಆ ಭಾಗ್ಯವಿಲ್ಲ: ಮರ, ಕಟ್ಟಡಗಳು ಗಾಳಿಯನ್ನು ತಡೆದು ಸುಳಿಯಾಗಿಸುತ್ತವೆ. ಸುತ್ತಲಿನ 150 ಮೀಟರ್‌ನೊಳಗಿನ ಅತಿ ಎತ್ತರದ ಅಡ್ಡಿಗಿಂತ ರೆಕ್ಕೆಗಳು ಕನಿಷ್ಠ 9 ಮೀಟರ್ ಮೇಲಿರಬೇಕೆಂಬುದು ರೂಢಿಯ ಲೆಕ್ಕ. ಆಷಾಢದ ಗಾಳಿಯೊಂದನ್ನೇ ನಂಬಿ ದುಡ್ಡು ಹಾಕಬೇಡಿ, ವರ್ಷವಿಡೀ ಅಳೆದು ನೋಡಿ. ಬೆಂಗಳೂರಿನ ಒತ್ತೊತ್ತಾದ ಬಡಾವಣೆಯ ತಾರಸಿಗಾದರೆ ಸೋಲಾರ್ ಫಲಕವೇ ಲೇಸು.