ಅಣ್ಣನಿಗಾಗಿ ಹುಟ್ಟಿದ ತಂಗಿ

ಕಾಯಿಲೆಯ ಮಗುವನ್ನು ಉಳಿಸಲು ಇನ್ನೊಂದು ಮಗುವನ್ನು ಹೆರುವುದು ಸರಿಯೇ? ಬಾಯಾರಿನ ಓದುಗರೊಬ್ಬರ ಪ್ರಶ್ನೆಯಿದು.

ನಮ್ಮ ದೇಶದಲ್ಲೇ ಇದು ನಡೆದಿದೆ. ಅಹಮದಾಬಾದಿನ ಹುಡುಗನೊಬ್ಬನಿಗೆ ಥಲಸ್ಸೀಮಿಯಾ ಮೇಜರ್ ಎಂಬ ಆನುವಂಶಿಕ ರಕ್ತರೋಗ. ಪದೇಪದೇ ರಕ್ತ ಕೊಡಿಸದೆ ಬದುಕಿಲ್ಲ. ಗುಣವಾಗಲು ಅಸ್ಥಿಮಜ್ಜೆಯ ಕಸಿ ಬೇಕು; ಆದರೆ ಮನೆಯಲ್ಲಿ ಯಾರ ಮಜ್ಜೆಯೂ ಹೊಂದಲಿಲ್ಲ. ಡಾ. ಮನೀಶ್ ಬ್ಯಾಂಕರ್ ಅವರ ತಂಡ ಪ್ರನಾಳದಲ್ಲಿ ಭ್ರೂಣಗಳನ್ನು ಬೆಳೆಸಿ, ರೋಗವಿಲ್ಲದ, ಅಣ್ಣನಿಗೆ ಹೊಂದುವ ಒಂದನ್ನು ಆರಿಸಿತು. ತಂದೆತಾಯಿ ಇಬ್ಬರೂ ರೋಗದ ವಾಹಕರಾಗಿದ್ದರೆ ಅಂಥ ಭ್ರೂಣ ಸಿಗುವ ಸಾಧ್ಯತೆ 16ರಲ್ಲಿ 3 ಮಾತ್ರ. 2018ರ ಅಕ್ಟೋಬರಿನಲ್ಲಿ ತಂಗಿ ಹುಟ್ಟಿದಳು. 2020ರ ಮಾರ್ಚಿನಲ್ಲಿ ಅವಳ ಮಜ್ಜೆ ಅಣ್ಣನಿಗೆ ಸೇರಿತು; ಅವನು ಚೇತರಿಸಿಕೊಂಡ.

ಆದರೆ ಆ ಕೂಸನ್ನು ಕೇಳಿದವರು ಯಾರು?

2000ದಲ್ಲಿ ಅಮೆರಿಕದಲ್ಲಿ ಹೀಗೆಯೇ ಹುಟ್ಟಿದ ಗಂಡುಮಗುವಿನಿಂದ ಅಕ್ಕನಿಗಾಗಿ ಪಡೆದದ್ದು ಹೊಕ್ಕುಳಬಳ್ಳಿಯ ರಕ್ತ. ಮಗುವಿಗೆ ಸೂಜಿಯ ನೋವೂ ಇರಲಿಲ್ಲ. ಮಜ್ಜೆ ಹಾಗಲ್ಲ: ಅರಿವಳಿಕೆ ಕೊಟ್ಟು ಎಲುಬಿಗೆ ಸೂಜಿ ಚುಚ್ಚಬೇಕು. ತೆಗೆದದ್ದು ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ನಿಜ. ಆದರೆ ನಾಳೆ ಮೂತ್ರಪಿಂಡವನ್ನೇ ಕೇಳಿದರೆ? ತೆಗೆದ ಮೂತ್ರಪಿಂಡ ಮತ್ತೆ ಬೆಳೆಯದು. ಗೆರೆ ಎಳೆಯಬೇಕಾದದ್ದು ಅಲ್ಲಿಯೇ. ಮಜ್ಜೆಯವರೆಗೆ ಒಪ್ಪಬಹುದು, ಅದೂ ಕಸಿ ಸೋತರೂ ಆ ಮಗುವನ್ನು ಮಡಿಲಲ್ಲಿಟ್ಟು ಸಾಕುವ ಮನಸ್ಸಿದ್ದವರಿಗೆ ಮಾತ್ರ. ಕೈಬಿಟ್ಟ ಭ್ರೂಣಗಳ ಪ್ರಶ್ನೆ ಆಗಲೂ ಉಳಿಯುತ್ತದೆ.

ಇಂಥ ಸಂದಿಗ್ಧವೇ ಬಾರದಿರಲು, ಮದುವೆಗೆ ಮುಂಚೆ ಜಾತಕದ ಜೊತೆ ಹುಡುಗ ಹುಡುಗಿಯ ಹಿಮೋಗ್ಲೋಬಿನ್ ಎ2 ಪರೀಕ್ಷೆಯನ್ನೂ ಮಾಡಿಸಿ. ಇಬ್ಬರೂ ಥಲಸ್ಸೀಮಿಯಾ ವಾಹಕರೇ ಎಂಬುದು ಬಹುಪಾಲು ಅದರಲ್ಲೇ ತಿಳಿಯುತ್ತದೆ.