ಕೋರ್ಟು ಕಚೇರಿಯ ಇಂಗ್ಲಿಷು: ಅಪರಾಧ ಮತ್ತು ಶಿಕ್ಷೆಯ ಶಬ್ದಗಳು

ಅಕ್ಷರದ ಗಂಧವಿಲ್ಲದ ಹಳ್ಳಿಯ ಮುದುಕಿಗೂ ಗೊತ್ತಿರುವ ಇಂಗ್ಲಿಷ್ ಶಬ್ದಗಳನ್ನು ಎಣಿಸುತ್ತ ಹೋದರೆ ಅವುಗಳಲ್ಲಿ ಒಂದು ದೊಡ್ಡ ಪಾಲು ಪೊಲೀಸ್ ಠಾಣೆಯಿಂದಲೂ ನ್ಯಾಯಾಲಯದಿಂದಲೂ ಬಂದುದೆಂಬುದು ತಿಳಿಯುತ್ತದೆ. ಪೊಲೀಸು, ಕೇಸು, ಕೋರ್ಟು, ಜೈಲು, ಬೇಲು, ವಾರಂಟು, ಸಮನ್ಸು, ಜಡ್ಜು. ಈ ಮಾತುಗಳನ್ನು ಅವಳು ಯಾವ ಶಾಲೆಯಲ್ಲಿಯೂ ಕಲಿತವಳಲ್ಲ. ಹೊಲದ ಬದುವಿನ ತಂಟೆ, ದಾಯಾದಿಗಳ ವ್ಯಾಜ್ಯ, ಮಗನ ಮೇಲೆ ಬಂದ ದೂರು, ಇವೇ ಅವಳಿಗೆ ಪಾಠಗಳಾದವು. ಆದರೆ ಶಬ್ದ ಗೊತ್ತಿರುವುದು ಬೇರೆ, ಶಬ್ದದ ಅರ್ಥ ಗೊತ್ತಿರುವುದು ಬೇರೆ. ಮನೆಗೆ ಸಮನ್ಸು ಬಂದರೆ ಮಗನನ್ನು ಹಿಡಿದೊಯ್ಯುತ್ತಾರೆಂದು ಅವಳು ಅಳಲು ತೊಡಗುತ್ತಾಳೆ. ಪದವೀಧರನಾದ ಮೊಮ್ಮಗನೂ ಅವಳನ್ನು ಸಮಾಧಾನಪಡಿಸಲಾರ. ಏಕೆಂದರೆ ಸಮನ್ಸಿಗೂ ವಾರಂಟಿಗೂ ಇರುವ ಅಂತರ ಅವನಿಗೂ ತಿಳಿದಿರುವುದಿಲ್ಲ.

ಸಮನ್ಸ್ ಎಂದರೆ ಕರೆ, ಅಷ್ಟೇ. ಇಂಥ ದಿನ ಇಂಥ ಹೊತ್ತಿಗೆ ಬಂದು ಹಾಜರಾಗು ಎಂದು ನ್ಯಾಯಾಲಯವು ಆ ವ್ಯಕ್ತಿಗೇ ಹೇಳಿ ಕಳುಹಿಸುವ ಮಾತು. ಸಾಕ್ಷಿ ನುಡಿಯಬೇಕಾದವನಿಗೂ ಅದು ಬರುತ್ತದೆ. ವಾರಂಟ್ ಎಂಬುದು ಹಾಗಲ್ಲ. ಅದು ಪೊಲೀಸರಿಗೆ ಕೊಟ್ಟ ಅಪ್ಪಣೆ. ಇಲ್ಲಿ ಒಂದು ಸ್ವಾರಸ್ಯವಿದೆ. ವಾರಂಟ್ ಮತ್ತು ಗ್ಯಾರಂಟಿ ಎಂಬವು ಮೂಲತಃ ಒಂದೇ ಶಬ್ದದ ಎರಡು ರೂಪಗಳು. ಫ್ರಾನ್ಸಿನ ಉತ್ತರ ಭಾಗದವರು ವಕಾರದಿಂದ ಉಚ್ಚರಿಸಿದುದನ್ನು ಮಧ್ಯ ಭಾಗದವರು ಗಕಾರದಿಂದ ಉಚ್ಚರಿಸಿದರು. ಇಂಗ್ಲಿಷರು ಎರಡನ್ನೂ ತೆಗೆದುಕೊಂಡರು. 2023ರಿಂದ ನಮ್ಮ ರಾಜ್ಯದ ಮನೆಮನೆಯಲ್ಲಿ ಗ್ಯಾರಂಟಿಯ ಮಾತು ಕೇಳಿಬಂದಿತು; ಅದರ ಒಡಹುಟ್ಟನ್ನು ಮಾತ್ರ ಯಾರೂ ಮನೆಗೆ ಬರಮಾಡಿಕೊಳ್ಳಲೊಲ್ಲರು.

ಇಂಗ್ಲಿಷಿನ ಈ ಶಬ್ದವರ್ಗಕ್ಕೆ ಫ್ರೆಂಚಿನ ನಂಟು ಹೇಗೆ ಬಂದಿತೆಂಬುದನ್ನು ಸ್ವಲ್ಪ ನೋಡೋಣ. 1066ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದನು. ಆಳುವವರ ಭಾಷೆ ಫ್ರೆಂಚು, ಆಳಿಸಿಕೊಳ್ಳುವವರ ಭಾಷೆ ಇಂಗ್ಲಿಷು ಎಂಬ ಸ್ಥಿತಿ ಬಹುಕಾಲ ನಡೆಯಿತು. ನ್ಯಾಯಸ್ಥಾನದಲ್ಲಿ ವಾದವನ್ನು ಇಂಗ್ಲಿಷಿನಲ್ಲಿ ನಡೆಸಬೇಕೆಂದು 1362ರಲ್ಲಿ ಒಂದು ಶಾಸನವಾಯಿತು. ಆ ಶಾಸನವನ್ನು ಬರೆದುದೂ ಫ್ರೆಂಚಿನಲ್ಲಿಯೇ! ಇದರ ಫಲವನ್ನು ಇಂದಿಗೂ ಕಾಣಬಹುದು. ಥೀಫ್, ಸ್ಟೀಲ್, ಮರ್ಡರ್, ಹ್ಯಾಂಗ್, ಇವು ಅಚ್ಚ ಇಂಗ್ಲಿಷು. ಜಸ್ಟಿಸ್, ಜಡ್ಜ್, ಕ್ರೈಮ್, ಪ್ರಿಜನ್, ಅರೆಸ್ಟ್, ಬೇಲ್, ಪನಿಶ್, ಇವು ಫ್ರೆಂಚಿನ ಹಾದಿಯಲ್ಲಿ ಬಂದವು. ಕದಿಯುವವನ ಭಾಷೆ ದೇಶದ್ದು, ಅವನನ್ನು ಹಿಡಿದು ವಿಚಾರಿಸುವವನ ಭಾಷೆ ಹೊರಗಿನದು. ಲಾ ಎಂಬ ಶಬ್ದವಂತೂ ಅದಕ್ಕೂ ಮೊದಲು ಕಡಲು ದಾಟಿ ಬಂದ ಸ್ಕ್ಯಾಂಡಿನೇವಿಯದವರ ಕೊಡುಗೆ.

ಇದನ್ನು ಕಂಡು ಕನ್ನಡಿಗರು ನಗುವ ಹಾಗಿಲ್ಲ. ನಮ್ಮ ಸ್ಥಿತಿಯೂ ಅದೇ. ಕಳವು, ಕೊಲೆ, ಸುಲಿಗೆ, ಸೆರೆ, ತಪ್ಪು ಇವು ನಮ್ಮ ನೆಲದ ಮಾತುಗಳು. ಕೋರ್ಟಿನ ಮೆಟ್ಟಿಲು ಹತ್ತಿದೊಡನೆ ವಕೀಲ, ಫಿರ್ಯಾದಿ, ಜಾಮೀನು, ಮಹಜರು, ಜಪ್ತಿ, ಖೈದಿ, ಸಜೆ ಎಂದು ಪಾರಸಿ, ಅರಬ್ಬಿ ಮೂಲದ ಮಾತುಗಳು ಎದುರುಗೊಳ್ಳುತ್ತವೆ. ಬಹಮನಿ, ಆದಿಲಶಾಹಿ, ಪೇಶ್ವೆ, ಹೈದರ್, ಟಿಪ್ಪು, ಇವರೆಲ್ಲರ ಕಚೇರಿಗಳು ಬಿಟ್ಟುಹೋದ ಉಳಿಕೆ ಇದು. ಅದರ ಮೇಲೆ ಇಂಗ್ಲಿಷಿನ ಪದರ ಬಂದು ಕುಳಿತಿತು. ಇಂದಿಗೂ ಸಂವಿಧಾನದ 348ನೆಯ ಅನುಚ್ಛೇದದ ಮೇರೆಗೆ ಸರ್ವೋಚ್ಚ ನ್ಯಾಯಾಲಯದ ಮತ್ತು ಉಚ್ಚ ನ್ಯಾಯಾಲಯಗಳ ವ್ಯವಹಾರದ ಭಾಷೆ ಇಂಗ್ಲಿಷೇ. ಆದ್ದರಿಂದ ಈ ಶಬ್ದಗಳನ್ನು ಕಲಿಯುವುದು ಕೇವಲ ಪರೀಕ್ಷೆಯ ಅಂಕಗಳಿಗಾಗಿ ಎಂದು ಯಾರೂ ಭಾವಿಸಬಾರದು.

ನಮ್ಮ ನಾಡೂ ಇಂಗ್ಲಿಷಿಗೆ ಈ ವಿಷಯದಲ್ಲಿ ಕೊಟ್ಟುದುಂಟು, ಹೆಮ್ಮೆಪಡುವಂಥದಲ್ಲವಾದರೂ. ಥಗ್, ಲೂಟ್, ಡಕಾಯಿಟಿ ಈ ಮೂರೂ ಭಾರತದಿಂದ ಹೋದವು. ನಮ್ಮ ಠಕ್ಕ ಮತ್ತು ಇಂಗ್ಲಿಷಿನ ಥಗ್ ಒಂದೇ ಕುಲದವು. 1839ರಲ್ಲಿ ಠಕ್ಕರ ಕುರಿತು ಕಾದಂಬರಿ ಬರೆದು ಆ ಶಬ್ದವನ್ನು ಇಂಗ್ಲೆಂಡಿನ ಮನೆಗಳಿಗೆ ಮುಟ್ಟಿಸಿದ ಮೆಡೋಸ್ ಟೇಲರನು ಆಮೇಲೆ ನಮ್ಮ ಸುರಪುರದಲ್ಲಿಯೇ ಅನೇಕ ವರ್ಷ ಆಡಳಿತ ನೋಡಿಕೊಂಡವನು.

ಇನ್ನು ಕಳವಿನ ಪರಿವಾರ. ಥೆಫ್ಟ್, ರಾಬರಿ, ಡಕಾಯಿಟಿ ಮೂರಕ್ಕೂ ನಮ್ಮ ಪತ್ರಿಕೆಗಳು ಒಮ್ಮೊಮ್ಮೆ ದರೋಡೆ ಎಂದೇ ಬರೆದುಬಿಡುತ್ತವೆ. ಕಾಯ್ದೆಯಲ್ಲಿ ಹಾಗಿಲ್ಲ. ಒಡೆಯನ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ, ಅವನ ವಶದಲ್ಲಿರುವ ಚರವಸ್ತುವನ್ನು ಎತ್ತುವುದು ಥೆಫ್ಟ್. ಅದಕ್ಕಾಗಿ ಹೊಡೆದರೆ, ಇಲ್ಲವೆ ಈಗಲೇ ಹೊಡೆಯುತ್ತೇನೆಂಬ ಭಯ ಹುಟ್ಟಿಸಿದರೆ ಅದು ರಾಬರಿ. ಐದು ಅಥವಾ ಅದಕ್ಕೂ ಹೆಚ್ಚು ಜನ ಕೂಡಿ ರಾಬರಿ ಮಾಡಿದರೆ ಡಕಾಯಿಟಿ. ನಾಲ್ವರಿದ್ದರೆ ಒಂದು ಹೆಸರು, ಐವರಾದರೆ ಮತ್ತೊಂದು. ಶಿಕ್ಷೆಯಲ್ಲಿಯೂ ಬಹಳ ಅಂತರ. 1860ರಲ್ಲಿ ರಚಿತವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆ ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಕಲಮುಗಳು ಇದ್ದೆಡೆಯಲ್ಲಿ ಈಗ 358. ಸಂಖ್ಯೆಗಳು ಬದಲಾದವು, ಗ್ರಂಥದ ಹೆಸರು ಸಂಸ್ಕೃತವಾಯಿತು. ಒಳಗಿನ ಇಂಗ್ಲಿಷ್ ಪಾಠದಲ್ಲಿ ಈ ಮೂರು ಶಬ್ದಗಳು ಇದ್ದ ಹಾಗೆಯೇ ಇವೆ. ಹೊಸದಾಗಿ ಸೇರಿದುದು ಸ್ನ್ಯಾಚಿಂಗ್. ದಾರಿಯಲ್ಲಿ ಹೋಗುವ ತಾಯಂದಿರ ಕೊರಳ ಸರವನ್ನು ಕಿತ್ತು ಓಡುವ ಕೃತ್ಯಕ್ಕೆ ಹಳೆಯ ಸಂಹಿತೆಯ ಮೂಲ ಪಾಠದಲ್ಲಿ ಬೇರೆ ಹೆಸರಿರಲಿಲ್ಲ. ಈಗ 304ನೆಯ ಕಲಮು ಅದಕ್ಕೆಂದೇ ಇದೆ. ಇಂಗ್ಲಿಷಿನ ಬರ್ಗ್ಲರ್ ಎಂಬವನಿಗೆ ಕನ್ನಡದಲ್ಲಿ ಕನ್ನಗಳ್ಳ ಎಂಬ ಸೊಗಸಾದ ಹೆಸರು ಬಹು ಹಿಂದೆಯೇ ಇತ್ತು. ಮಣ್ಣಿನ ಗೋಡೆಗಳು ಹೋದಂತೆ ಕನ್ನವೂ ಹೋಯಿತು, ಶಬ್ದವೂ ಮರೆಯಾಗುತ್ತಿದೆ.

ಮಕ್ಕಳು ಇಲ್ಲಿ ಎಡವುವ ಒಂದು ಸ್ಥಳವಿದೆ. ಸ್ಟೀಲ್ ಎಂಬ ಕ್ರಿಯಾಪದಕ್ಕೆ ಕರ್ಮವಾಗುವುದು ವಸ್ತು, ರಾಬ್ ಎಂಬುದಕ್ಕೆ ಕರ್ಮವಾಗುವುದು ಮನುಷ್ಯ ಅಥವಾ ಮನೆ. ಹಣವನ್ನು ಸ್ಟೀಲ್ ಮಾಡುತ್ತಾರೆ, ಬ್ಯಾಂಕನ್ನು ರಾಬ್ ಮಾಡುತ್ತಾರೆ. ಕನ್ನಡದಲ್ಲಿ ಕದಿ, ದೋಚು ಎಂಬವನ್ನು ಪ್ರಯೋಗಿಸಿ ನೋಡಿದರೆ ಇದೇ ಭೇದ ತಾನಾಗಿ ತಿಳಿಯುತ್ತದೆ. ಹ್ಯಾಂಗ್ ಎಂಬುದಕ್ಕೆ ಭೂತಕಾಲದಲ್ಲಿ ಎರಡು ರೂಪ: ಗೂಟಕ್ಕೆ ಅಂಗಿ ತೂಗುಹಾಕಿದರೆ ಹಂಗ್, ಮನುಷ್ಯನನ್ನು ಗಲ್ಲಿಗೇರಿಸಿದರೆ ಹ್ಯಾಂಗ್ಡ್.

ಆದರೆ ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ಒಂದು ಸೋಪಾನಕ್ರಮವಿದೆ. ಎಫ್‌ಐಆರ್ ಎಂದರೆ ಪ್ರಥಮ ವರ್ತಮಾನ ವರದಿ. ಠಾಣೆಗೆ ಮೊದಲು ಮುಟ್ಟಿದ ಸುದ್ದಿ ಎಂದಷ್ಟೇ ಅದರ ಅರ್ಥ. ಅದು ಸತ್ಯವೆಂದು ಯಾರೂ ಇನ್ನೂ ಹೇಳಿಲ್ಲ. ಸುದ್ದಿ ಕೊಟ್ಟವನಿಗೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಸಸ್ಪೆಕ್ಟ್ ಎಂದರೆ ಸಂಶಯಕ್ಕೆ ಗುರಿಯಾದವನು. ಅಕ್ಯೂಸ್ಡ್ ಎಂದರೆ ಆರೋಪಿ. ತನಿಖೆ ಮುಗಿದ ಮೇಲೆ ಪೊಲೀಸರು ಒಪ್ಪಿಸುವುದು ಚಾರ್ಜ್‌ಶೀಟ್. ಅದನ್ನು ನೋಡಿ ನ್ಯಾಯಾಧೀಶರು ಹೊರಿಸುವುದು ಚಾರ್ಜ್. ಹೊರಿಸುವಂತಿಲ್ಲವೆಂದು ಕಂಡರೆ ಆಗಲೇ ಡಿಸ್‌ಚಾರ್ಜ್. ವಿಚಾರಣೆ ನಡೆದು ದೋಷ ಸಿದ್ಧವಾಗದಿದ್ದರೆ ಅಕ್ವಿಟಲ್, ನಮ್ಮ ಖುಲಾಸೆ. ಸಿದ್ಧವಾದರೆ ಮಾತ್ರ ಕನ್ವಿಕ್ಷನ್. ಅಲ್ಲಿಗೆ ಆರೋಪಿಯು ಅಪರಾಧಿಯಾಗುತ್ತಾನೆ, ಅದಕ್ಕೆ ಮೊದಲಲ್ಲ. ಪ್ರತಿ ಮೆಟ್ಟಿಲಿಗೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಉಪಪದವಿದೆ: ಅಕ್ಯೂಸ್ಡ್ ಆಫ್, ಚಾರ್ಜ್ಡ್ ವಿತ್, ಕನ್ವಿಕ್ಟೆಡ್ ಆಫ್, ಸೆಂಟೆನ್ಸ್ಡ್ ಟು. ಇವನ್ನು ಜೋಡಿಯಾಗಿಯೇ ಬಾಯಿಪಾಠ ಮಾಡಿಸಬೇಕು.

ನಮಗೆ ಪರಿಚಿತವಾದ ಒಂದು ಮನೆತನದಲ್ಲಿ ಹುಡುಗನಿಗೆ ಕನ್ಯೆ ನಿಶ್ಚಯವಾಗಿತ್ತು. ಅವನು ಕೆಲಸ ಮಾಡುತ್ತಿದ್ದ ಕಡೆ ಹಣದ ಲೆಕ್ಕದಲ್ಲಿ ಏನೋ ವ್ಯತ್ಯಾಸ ಬಂದು ನಾಲ್ಕೈದು ಜನರ ಮೇಲೆ ಮೊಕದ್ದಮೆಯಾಯಿತು. ಅವರಲ್ಲಿ ಇವನೂ ಒಬ್ಬ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಇಂಗ್ಲಿಷ್ ಪತ್ರಿಕೆಯ ತುಣುಕನ್ನು ಕೈಯಲ್ಲಿ ಹಿಡಿದು ಬಂದರು. ಅದರಲ್ಲಿ ಚಾರ್ಜ್ಡ್ ಎಂದು ಅಚ್ಚಾಗಿತ್ತು. ಕಳವು ಸಾಬೀತಾಯಿತೆಂದು ಅವರು ಅದನ್ನು ಅರ್ಥಮಾಡಿಕೊಂಡಿದ್ದರು. ಎಷ್ಟು ಹೇಳಿದರೂ ಕೇಳಲಿಲ್ಲ, ಸಂಬಂಧ ಮುರಿಯಿತು. ಮೂರು ವರ್ಷಗಳ ಮೇಲೆ ನ್ಯಾಯಾಲಯವು ಹುಡುಗನನ್ನು ನಿರ್ದೋಷಿಯೆಂದು ಬಿಟ್ಟಿತು. ಆ ಸುದ್ದಿ ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಆ ಹೊತ್ತಿಗೆ ಹುಡುಗಿಗೆ ಬೇರೆ ಕಡೆ ಮದುವೆಯಾಗಿತ್ತು. ಹುಡುಗನ ತಾಯಿ ನಾಲ್ಕು ಜನ ಸೇರುವಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು.

2022ರ ಕೊನೆಗೆ ನಮ್ಮ ದೇಶದ ಕಾರಾಗೃಹಗಳಲ್ಲಿದ್ದವರ ಪೈಕಿ ಸುಮಾರು ಮುಕ್ಕಾಲು ಪಾಲು ಜನ ಅಂಡರ್‌ಟ್ರಯಲ್‌ಗಳು, ಅಂದರೆ ವಿಚಾರಣೆ ಮುಗಿಯದೆ ಒಳಗಿದ್ದವರು. ಜೈಲಿನಲ್ಲಿದ್ದಾನೆ ಎಂದಮಾತ್ರಕ್ಕೆ ತಪ್ಪಿತಸ್ಥನೆಂದು ತಿಳಿಯುವ ರೂಢಿ ಎಷ್ಟು ಅನ್ಯಾಯದ್ದೆಂಬುದು ಈ ಒಂದು ಅಂಕಿಯಿಂದಲೇ ವಿದಿತವಾಗುತ್ತದೆ.

ಬೇಲ್ ಎಂಬುದು ಒಪ್ಪಿಸು, ವಶಕ್ಕೆ ಕೊಡು ಎಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದಿದೆ. ಜಾಮೀನು ಎಂಬುದರಲ್ಲಿಯೂ ಹೊಣೆಗಾರನ ಅರ್ಥವೇ ಇದೆ. ಇಲ್ಲಿ ಜನರನ್ನು ಕಂಗೆಡಿಸುವ ಶಬ್ದವೆಂದರೆ ನಾನ್‌ಬೇಲಬಲ್. ಜಾಮೀನೇ ಸಿಗದ ಅಪರಾಧವೆಂದು ಅದನ್ನು ತಿಳಿದು ಮನೆಮಂದಿ ಎದೆಗುಂದುತ್ತಾರೆ; ಆ ಭಯವನ್ನು ಬಂಡವಾಳ ಮಾಡಿಕೊಳ್ಳುವ ಮಧ್ಯವರ್ತಿಗಳೂ ಇದ್ದಾರೆ. ಬೇಲಬಲ್ ಅಪರಾಧದಲ್ಲಿ ಜಾಮೀನು ಹಕ್ಕಿನಿಂದ ದೊರೆಯುತ್ತದೆ. ನಾನ್‌ಬೇಲಬಲ್ ಆದರೆ ಅದು ನ್ಯಾಯಾಲಯದ ವಿವೇಚನೆಗೆ ಸೇರಿದ್ದು. ಕೇಳಬಹುದು, ಕಾರಣ ತೋರಿಸಬಹುದು, ಸಿಗಲೂಬಹುದು. ಹಿಡಿದವನನ್ನು ಪ್ರಯಾಣದ ವೇಳೆ ಕಳೆದು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದನ್ನೂ ಇದರೊಡನೆ ನೆನಪಿಡಬೇಕು; ಅದು ಸಂವಿಧಾನದ 22ನೆಯ ಅನುಚ್ಛೇದದ ಮಾತು. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಅಧಿನಿಯಮದ ಮೇರೆಗೆ ಉಚಿತ ನೆರವು ಉಂಟು. ಸ್ತ್ರೀಯರಿಗೆ ಆದಾಯ ಎಷ್ಟಿದ್ದರೂ ಉಂಟು. ಇದಕ್ಕೆ ಲೀಗಲ್ ಏಡ್ ಎಂದು ಹೆಸರು.

ವ್ಯಾಕರಣ ಓದಿದ ನಮ್ಮಂಥವರಿಗೆ ವಿನೋದವೆನಿಸುವ ಕೆಲವು ಶಬ್ದಗಳನ್ನು ಹೇಳದೆ ಬಿಡಲಾರೆವು. ಸೆಂಟೆನ್ಸ್ ಎಂದರೆ ವಾಕ್ಯವೂ ಹೌದು, ಶಿಕ್ಷೆಯ ತೀರ್ಪೂ ಹೌದು. ಪರೋಲ್ ಎಂಬುದಕ್ಕೆ ಫ್ರೆಂಚಿನಲ್ಲಿ ಮಾತು ಎಂದರ್ಥ: ಹೊರಗೆ ಹೋಗಿ ಮರಳಿ ಬರುತ್ತೇನೆಂದು ಸೆರೆಯಾಳು ಕೊಟ್ಟ ಮಾತು. ನಮ್ಮ ಜನಪದದ ಪುಣ್ಯಕೋಟಿ ಹುಲಿಯಿಂದ ಪಡೆದುದು ಪರೋಲೇ ಅಲ್ಲವೇ? ಆಲಿಬಿ ಎಂಬುದು ಲ್ಯಾಟಿನಿನಲ್ಲಿ ಬೇರೆಡೆ ಎಂಬ ಅವ್ಯಯ. ವಿಕ್ಟಿಮ್ ಎಂದರೆ ಮೂಲದಲ್ಲಿ ಬಲಿಪಶು. ಕ್ಯಾಪಿಟಲ್ ಪನಿಶ್‌ಮೆಂಟ್ ಎಂಬಲ್ಲಿನ ಮೊದಲ ಶಬ್ದ ತಲೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದಿದೆ; ಕನ್ನಡದ ತಲೆದಂಡ ಎಂಬುದಕ್ಕಿಂತ ಸರಿಯಾದ ಸಮಾನಪದ ಇನ್ನೊಂದಿರಲಾರದು. ಮರ್ಡರಿನ ಬೇರು ಸಂಸ್ಕೃತದ ಮೃ ಧಾತುವಿನ ಬಳಗಕ್ಕೇ ಸೇರಿದ್ದು. ಕಾನ್‌ಸ್ಟೇಬಲ್ ಎಂಬವನು ಮೂಲತಃ ಕುದುರೆಲಾಯದ ಅಧಿಕಾರಿ. ಇನ್ನು ಸಂಸ್ಕೃತದ ಶಿಕ್ಷಾ ಎಂಬುದು ಕಲಿಕೆಯ ಹೆಸರು. ಕನ್ನಡದಲ್ಲಿ ಅದು ಶಿಕ್ಷೆಯಾಗಿ ದಂಡನೆಯ ಅರ್ಥಕ್ಕೆ ತಿರುಗಿತು. ಹಳೆಯ ಪಾಠಶಾಲೆಗಳ ಬೆತ್ತ ಕಂಡವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಶಿಕ್ಷೆಗಳಲ್ಲಿ ಲೈಫ್ ಇಂಪ್ರಿಸನ್‌ಮೆಂಟ್ ಎಂದರೆ ಹದಿನಾಲ್ಕು ವರ್ಷವೆಂಬ ಭಾವನೆ ಬಹಳ ಬೇರೂರಿದೆ. ಅದು ಸರಿಯಲ್ಲ. ಜೀವಾವಧಿ ಎಂದರೆ ಉಸಿರಿರುವ ತನಕ ಎಂದು ಸರ್ವೋಚ್ಚ ನ್ಯಾಯಾಲಯವು 1961ರಲ್ಲಿಯೇ ಹೇಳಿದೆ. ಸರ್ಕಾರವು ಅವಧಿಯನ್ನು ಕಡಿತಗೊಳಿಸುವುದಕ್ಕೆ ರೆಮಿಷನ್ ಎಂದು ಹೆಸರು. ಮರಣದಂಡನೆಗೂ ಗುರಿಮಾಡಬಹುದಾದಂಥ ಅಪರಾಧಗಳಲ್ಲಿ ಹದಿನಾಲ್ಕು ವರ್ಷ ಒಳಗಿರದೆ ಹಾಗೆ ಬಿಡುವಂತಿಲ್ಲವೆಂಬ ನಿಯಮವನ್ನೇ ಜನರು ಶಿಕ್ಷೆಯ ಅವಧಿಯೆಂದು ತಿಳಿದುಕೊಂಡರು. ರಿಗರಸ್ ಎಂದರೆ ದುಡಿಮೆಯೊಡನೆ ಕೂಡಿದ ಕಠಿಣ ಸಜೆ, ಸಿಂಪಲ್ ಎಂದರೆ ಸಾದಾ ಸಜೆ.

2024ರಿಂದ ಈ ಪಟ್ಟಿಗೆ ಕಮ್ಯೂನಿಟಿ ಸರ್ವಿಸ್ ಎಂಬುದು ಸೇರಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಅದನ್ನು ಹಿಂದಿರುಗಿಸಿದವನಿಗೆ ಇದೇ ಶಿಕ್ಷೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಭೆ ಮಾಡಿದವನಿಗೂ ಇದನ್ನು ವಿಧಿಸಬಹುದು. ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಬೇಕು, ಕೂಲಿ ಕೇಳುವಂತಿಲ್ಲ. ಕನ್ನಡದಲ್ಲಿ ಇದನ್ನು ಸಮುದಾಯ ಸೇವೆ ಎಂದು ಬರೆಯುತ್ತಿದ್ದಾರೆ. ಸೇವೆ ಎಂಬ ಮಾತನ್ನು ದಂಡನೆಗಳ ಸಾಲಿನಲ್ಲಿ ಓದುವುದು ನಮಗೆ ಇನ್ನೂ ರೂಢಿಯಾಗಿಲ್ಲ.